ರಕ್ತ ನೋಡುವ ಕಾಳಗ, ಬೆನ್ನು ನೋಡುವ ಕುಸ್ತಿ

ದಸರಾ ಹತ್ತು ದಿನದಲ್ಲಿ ಮೈಸೂರು ಎರಡು ಬೇರೆ ಬೇರೆ ಹೊಡೆದಾಟಗಳನ್ನು ಹಬ್ಬವೆಂದೇ ನೋಡುತ್ತದೆ. ಒಂದು ದೊಡ್ಡಕೆರೆ ಮೈದಾನದ ಕಡೆ, ದೇವರಾಜ ಅರಸು ಕ್ರೀಡಾಂಗಣದಲ್ಲಿ. ಮೈಕು, ತಮಟೆ, ಗೆದ್ದವನ ಹೆಗಲಿಗೆ ಬೆಳ್ಳಿ ಬಣ್ಣದ ಗದೆ. ಇನ್ನೊಂದು ವಿಜಯದಶಮಿಯ ದಿನ ಅರಮನೆಯೊಳಗಿನ ತೊಟ್ಟಿಯಲ್ಲಿ, ಅಂದರೆ ಒಳಾಂಗಳದಲ್ಲಿ, ಕರೆಸಿಕೊಂಡವರ ಮುಂದೆ ಮಾತ್ರ. ಕ್ರೀಡಾಂಗಣದಲ್ಲಿ ಎದುರಾಳಿಯ ಬೆನ್ನು ನೆಲ ಮುಟ್ಟಿದರೆ ಆಟ ಮುಗಿಯಿತು. ಅರಮನೆಯಲ್ಲಿ ಬೋಳಿಸಿದ ತಲೆಯ ಮೇಲೆ ಒಂದು ಗೆರೆ ರಕ್ತ ಕಂಡರೆ ಮುಗಿಯಿತು. ಮೊದಲನೆಯದು ಕುಸ್ತಿ, ಎರಡನೆಯದು ಕೈಗೆ ಮೊನೆಯುಳ್ಳ ಆಯುಧ ತೊಟ್ಟು ಹೊಡೆದಾಡುವ ವಜ್ರಮುಷ್ಟಿ ಕಾಳಗ.

ಎರಡನ್ನೂ ಒಂದೇ ಮೂಟೆಗೆ ಕಟ್ಟಿ ‘ಮೈಸೂರಿನ ಮಲ್ಲ ಪರಂಪರೆ’ ಅನ್ನುವವರು ಬಹಳ. ಮೂಲ ಯಾವುದು ಅಂದರೆ ಒಬ್ಬರು ಗುಜರಾತ್ ಅನ್ನುತ್ತಾರೆ, ಇನ್ನೊಬ್ಬರು ವಿಜಯನಗರ ಅನ್ನುತ್ತಾರೆ, ಮತ್ತೊಬ್ಬರು ಒಡೆಯರ ಕೊಡುಗೆ ಎಂದು ಕೈ ತೊಳೆದುಕೊಳ್ಳುತ್ತಾರೆ. ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಮೂಲವನ್ನು ವಂಶಾವಳಿಯಲ್ಲಿ ಹುಡುಕುವುದಕ್ಕಿಂತ ನಿಯಮದಲ್ಲಿ, ಹಿಡಿತದಲ್ಲಿ, ಕಾಲಡಿಯ ಮಣ್ಣಿನಲ್ಲಿ ಹುಡುಕಿದರೆ ಹೆಚ್ಚು ಸಿಗುತ್ತದೆ. ಗೆಲುವನ್ನು ಹೇಗೆ ತೀರ್ಮಾನಿಸುತ್ತೀರಿ ಅನ್ನುವುದೇ ಪೈಲ್ವಾನ ಹೇಗೆ ನಿಲ್ಲಬೇಕು, ಎಲ್ಲಿ ಹಿಡಿಯಬೇಕು, ಏನನ್ನು ಕಾಯ್ದುಕೊಳ್ಳಬೇಕು ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೊದಲು ಜಟ್ಟಿಗಳ, ಅಂದರೆ ಮಲ್ಲವಿದ್ಯೆಯನ್ನು ಮನೆತನದ ಕಸುಬಾಗಿ ನಡೆಸಿಕೊಂಡು ಬಂದವರ ವಿಷಯ. ವಜ್ರಮುಷ್ಟಿ ಅವರದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳಿಂದಲೇ ಇವತ್ತಿಗೂ ಅರಮನೆಗೆ ಜೋಡಿಗಳು ಬರುತ್ತವೆ. ಅವರ ಕುಲದೇವತೆ ನಿಂಬಜಾ ದೇವಿ. ಗುಜರಾತಿನ ಮೊಢೇರಾ, ದೇಲ್ಮಾಲ್ ಸೀಮೆಯ ಜ್ಯೇಷ್ಠಿಮಲ್ಲರ ದೇವತೆಯೂ ಆಕೆಯೇ. ಅಲ್ಲಿ ಲಿಂಬಜಾ ಅನ್ನುತ್ತಾರೆ. ಆ ಮಲ್ಲರ ಕುಲಪುರಾಣವಾದ ‘ಮಲ್ಲಪುರಾಣ’ ಸಂಸ್ಕೃತದಲ್ಲಿದೆ, 1964ರಲ್ಲಿ ಬರೋಡದಿಂದ ಅಚ್ಚಾಗಿದೆ. ವ್ಯಾಯಾಮದ ಬಗೆ, ಋತುವಿಗೆ ತಕ್ಕ ಆಹಾರ, ಪಟ್ಟುಗಳ ಪಟ್ಟಿ ಅದರಲ್ಲಿದೆ. ಹಾಗಾಗಿ ಗುಜರಾತಿನ ನಂಟು ಬರೀ ಕಟ್ಟುಕತೆಯಲ್ಲ.

ಆದರೆ ಅಷ್ಟಕ್ಕೇ ಎಲ್ಲವೂ ಅಲ್ಲಿಂದಲೇ ಬಂತು ಅಂದರೆ ಎಡವಿದಂತೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ 1129ರ ಹೊತ್ತಿನದು. ಅದರ ಮಲ್ಲವಿನೋದದ ಭಾಗದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡುವುದು, ಅವರಿಗೆ ಅರಮನೆಯಿಂದ ಬೇಳೆ, ಮಾಂಸ, ಹಾಲು, ಸಿಹಿ ಕೊಡಿಸುವುದು, ದಿನದ ಸಾಮು, ಅಂದರೆ ವ್ಯಾಯಾಮ, ಹೇಗಿರಬೇಕು ಎಂಬುದು ಎಲ್ಲ ಬಂದಿದೆ. ಅಂದರೆ ಅರಮನೆಯ ಖರ್ಚಿನಲ್ಲಿ ಸಾಕಿದ ಮಲ್ಲರು ಕನ್ನಡ ನಾಡಿಗೆ ಆಗಲೇ ಹೊಸಬರಲ್ಲ. ಗುಜರಾತಿನಿಂದ ಮನೆತನಗಳು ಬಂದಿರಬಹುದು, ಅವು ಬಂದು ಇಳಿದದ್ದು ಮಾತ್ರ ಖಾಲಿ ಅಂಗಳಕ್ಕಲ್ಲ.

ವಿಜಯನಗರದ ಮಹಾನವಮಿಯನ್ನು ನೋಡಿದ ಪೋರ್ಚುಗೀಸರಿಬ್ಬರು ಈ ಕಾಳಗದ ಬಗ್ಗೆ ಬರೆದಿಟ್ಟಿದ್ದಾರೆ. 1520ರ ಆಸುಪಾಸಿನ ಪಾಯಸ್‌ಗೆ ಕಂಡದ್ದು ಹಲ್ಲು ಮುರಿಯುವ, ಕಣ್ಣು ಹೋಗುವ ಹೊಡೆತ; ಮಾತಾಡಲಾಗದ ಸ್ಥಿತಿಯಲ್ಲಿದ್ದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರಂತೆ. ಅವನಾದ ಮೇಲೆ ಬಂದ ನೂನಿಜ್ ಇನ್ನೂ ಸ್ಪಷ್ಟ: ಮಲ್ಲರು ಕೈಯಲ್ಲಿ ಮೊನೆಗಳಿರುವ ಬಳೆಯಂಥದ್ದನ್ನು ಹಿಡಿದು ಒಬ್ಬರನ್ನೊಬ್ಬರು ಗಾಯ ಮಾಡುತ್ತಿದ್ದರು, ಹೆಚ್ಚು ಗಾಯವಾದವನು ಹೋಗಿ ರಾಜನಿಂದ ರೇಷ್ಮೆ ಬಟ್ಟೆ ಪಡೆಯುತ್ತಿದ್ದ. ಸೋತವನಿಗೆ, ಅದೂ ಹೆಚ್ಚು ಪೆಟ್ಟು ತಿಂದವನಿಗೆ ಉಡುಗೊರೆ. ಇದು ಕ್ರೀಡೆಯ ತರ್ಕವಲ್ಲ, ಬಲಿಯ ತರ್ಕ. ಅರಮನೆಯ ಕಾಳಗ ಇವತ್ತು ಒಂದೇ ನಿಮಿಷದಲ್ಲಿ, ಎಷ್ಟೋ ಸಲ ಅದಕ್ಕೂ ಮೊದಲೇ, ಮೊದಲ ಹನಿಗೆ ನಿಂತುಬಿಡುವುದು ಯಾಕೆ ಎಂದು ಬೇಸರಪಡುವವರು ಇದನ್ನು ನೆನಪಿಡಬೇಕು. ಅಲ್ಲಿ ಬೇಕಾಗಿರುವುದು ಗೆದ್ದವನಲ್ಲ, ನೆಲಕ್ಕೆ ಬೀಳುವ ರಕ್ತ. ಅದಾದ ಮೇಲಷ್ಟೇ ವಿಜಯಯಾತ್ರೆ.

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ನವರಾತ್ರಿ ಶುರು ಮಾಡಿದಾಗ ವಿಜಯನಗರದ ಮಹಾನವಮಿಯ ಕ್ರಮವನ್ನೇ ಮುಂದುವರಿಸಿದರು. ಕಾಳಗವೂ ಆ ದಾರಿಯಲ್ಲೇ ಕಾವೇರಿ ತೀರಕ್ಕೆ ಬಂದಿರಬೇಕು. ಅವರ ನಂತರದ ರಣಧೀರ ಕಂಠೀರವ ನರಸರಾಜ ಒಡೆಯರದು (1638–1659) ಬೇರೆಯೇ ಕತೆ: ತಿರುಚಿನಾಪಳ್ಳಿಯ ಕೋಟೆ ಬಾಗಿಲಿಗೆ ಅಲ್ಲಿಯ ಜಟ್ಟಿಯೊಬ್ಬ ತನ್ನ ಚಲ್ಲಣ (ಮಲ್ಲರ ತುಂಡು ಚಡ್ಡಿ) ಕಟ್ಟಿದ್ದ, ಒಳಗೆ ಹೋಗುವವರೆಲ್ಲ ಅದರ ಕೆಳಗೆ ತಲೆಬಾಗಬೇಕಿತ್ತು, ಒಡೆಯರು ವೇಷ ಮರೆಸಿಕೊಂಡು ಹೋಗಿ ಅವನನ್ನು ಮುಗಿಸಿ ಬಂದರು. ಹಳೇ ಮೈಸೂರಿನಲ್ಲಿ ಈ ಕತೆ ಗೊತ್ತಿಲ್ಲದ ಗರಡಿ ಇಲ್ಲ. ಇತಿಹಾಸವೆಂದು ಅದನ್ನು ಹೊತ್ತು ತಿರುಗಬೇಕಾಗಿಲ್ಲ. ಆದರೂ ದೊರೆಯೇ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಕಣಕ್ಕೆ, ಇಳಿದ ಅನ್ನುವ ಹೆಮ್ಮೆಯಿಂದಲೇ ಕುಸ್ತಿ ಜಟ್ಟಿಗಳ ಮನೆತನದ ಗೋಡೆ ದಾಟಿ ಒಕ್ಕಲಿಗ, ಕುರುಬ, ನಾಯಕ, ಮುಸ್ಲಿಂ ಕೇರಿಗಳ ಆಟವಾಗಲು ದಾರಿಯಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ದಸರಾ ಕುಸ್ತಿಯಲ್ಲಿ ಇಂದು ಕೊಡುವ ‘ದಸರಾ ಕಂಠೀರವ’ ಪ್ರಶಸ್ತಿಯ ಹೆಸರು ಹುಡುಗರ ಬಾಯಲ್ಲಿ ಆ ಕತೆಯ ಜೊತೆಗೇ ಇದೆ.

ತಾಂತ್ರಿಕವಾಗಿ ಎಲ್ಲಕ್ಕಿಂತ ಬೆಲೆಬಾಳುವ ಸಾಕ್ಷಿ ಟಿಪ್ಪು ಕಾಲದ ಶ್ರೀರಂಗಪಟ್ಟಣದ್ದು. ಅಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ತಪ್ಪಿಸಿಕೊಂಡು ಹೋದ ಮೇಲೆ ಬರೆದ ನೆನಪುಗಳಲ್ಲಿ ಜಟ್ಟಿಗಳ ಚಿತ್ರ ಇದೆ. ಗುರುಗಳು ಮುಂದೆ, ಶಿಷ್ಯರು ಹಿಂದೆ. ನೆಲ ಮುಟ್ಟಿ ಸಲಾಮು. ಒಂದು ಗರಡಿಯವರಿಗೆ ಇನ್ನೊಂದು ಗರಡಿಯವರನ್ನು ಜೋಡಿ ಮಾಡುವುದು. ಬಲಗೈ ಬೆರಳುಗಳ ಗಿಣ್ಣಿನ ಮೇಲೆ ನಾಲ್ಕು ಉಕ್ಕಿನ ಉಗುರು. ನುಣ್ಣಗೆ ಬೋಳಿಸಿದ ತಲೆ, ಮೈತುಂಬ ಎಣ್ಣೆ, ತುಂಡು ಚಡ್ಡಿ. ಸನ್ನೆಯಾದ ಕೂಡಲೇ ಕೊರಳ ಹೂವನ್ನು ಎದುರಾಳಿಯ ಮುಖಕ್ಕೆ ಎಸೆದು ನುಗ್ಗುವುದು. ಆಮೇಲೆ ಅವನು ಹೇಳುವ ಮಾತು ಮುಖ್ಯ: ಕೆಲವು ಜೋಡಿಗಳು ತಕ್ಷಣ ಅಂಟಿಕೊಳ್ಳುತ್ತಿದ್ದವು, ಯಾರು ಮೇಲೆ ಯಾರು ಕೆಳಗೆ ಅನ್ನುವುದು ಲೆಕ್ಕಕ್ಕೇ ಇರಲಿಲ್ಲ, ಹಿಡಿತವೇ ಎಲ್ಲ, ಕೈಕಾಲು ಮುರಿಯುವುದು ಸಾಮಾನ್ಯ.

ಇದನ್ನು ಕುಸ್ತಿ ಬಲ್ಲವರು ಓದಿದರೆ ಎರಡು ಸಂಗತಿ ಥಟ್ಟನೆ ಕಾಣುತ್ತವೆ. ಯಾರು ಕೆಳಗಿದ್ದರೂ ಪರವಾಗಿಲ್ಲ ಅಂದರೆ ಬೆನ್ನು ನೆಲಕ್ಕೆ ತಾಗುವುದು ಆಗ ಸೋಲಾಗಿರಲಿಲ್ಲ. ಮತ್ತೆ, ಮೈಗೆಲ್ಲ ಎಣ್ಣೆ. ಎಣ್ಣೆ ಹಚ್ಚಿದ ಸೊಂಟವನ್ನು ತಬ್ಬಿ ಎತ್ತಲಾಗದು, ಎದೆಗೆ ಎದೆ ಕೊಟ್ಟು ಒತ್ತಿ ಹಿಡಿಯಲಾಗದು, ಜಾರುತ್ತದೆ. ಹಿಡಿಯಲು ಸಿಗುವುದು ಕಿರಿದಾಗಿ ಆಮೇಲೆ ಅಗಲವಾಗುವ ಜಾಗಗಳು ಮಾತ್ರ: ಮಣಿಕಟ್ಟು, ಹಿಮ್ಮಡಿಯ ಮೇಲ್ಭಾಗ, ಕತ್ತು, ಮೊಣಕೈ ಒಳಬದಿ. ಅಲ್ಲಿ ಹಿಡಿದರೆ ಮುಂದಿನ ಕೆಲಸ ಎತ್ತುವುದಲ್ಲ, ತಿರುಚುವುದು. ಜಟ್ಟಿಗಳ ಕೈಯಲ್ಲಿ ಮೂಳೆ ಮುರಿಯುತ್ತಿದ್ದದ್ದು ಕ್ರೌರ್ಯಕ್ಕಿಂತ ಹೆಚ್ಚಾಗಿ ಎಣ್ಣೆಯ ಕಾರಣಕ್ಕೆ. ಮೂಳೆ ಕೂರಿಸುವ ನಾಟಿ ವೈದ್ಯ ಇದೇ ಮನೆತನಗಳಲ್ಲಿ ಉಳಿದುಬಂದದ್ದು ಆಶ್ಚರ್ಯವಲ್ಲ. ಕೀಲು ಯಾವ ಕಡೆಗೆ ಬಿಚ್ಚುತ್ತದೆಂದು ಗೊತ್ತಿದ್ದವನಿಗೆ ಯಾವ ಕಡೆಯಿಂದ ಕೂಡಿಸಬೇಕೆಂದೂ ಗೊತ್ತು.

ಕುಸ್ತಿಯ ತರ್ಕ ಇದಕ್ಕೆ ನೇರ ತಿರುಗುಮುರುಗು. ಇರಾನಿನ ಕಡೆಯಿಂದ ಉತ್ತರ ಹಿಂದೂಸ್ಥಾನಕ್ಕೆ, ಅಲ್ಲಿಂದ ದಖ್ಖನಿಗೆ ಬಂದು, ಬರೋಡ, ಕೊಲ್ಹಾಪುರದಂಥ ಸಂಸ್ಥಾನಗಳಲ್ಲಿ ಬೆಳೆದ ಕುಸ್ತಿ ಅದು. ಕೊಲ್ಹಾಪುರದ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದ್ದರು. ನಮ್ಮ ಕಡೆ ಒಡೆಯರು ದಸರೆಗೆ ಹೊರಗಿನ ಪೈಲ್ವಾನರನ್ನು ಕರೆಸುತ್ತಿದ್ದರು. ಬಂದವರ ಜೊತೆ ಪಟ್ಟುಗಳೂ ಬಂದವು: ಢಾಕ್, ಕಲಾಜಂಗ್, ಸವಾರಿ. ಇಲ್ಲಿ ಮೈಗೆ ಎಣ್ಣೆ ಇಲ್ಲ. ಬೆವರಿದ ಮೈ ಜಾರದಿರಲಿ ಎಂದು ಒಬ್ಬರ ಮೇಲೊಬ್ಬರು ಮಣ್ಣು ಎರಚಿಕೊಳ್ಳುತ್ತಾರೆ. ಮೈಯಿಡೀ ಹಿಡಿಯಲು ಸಿಗುವುದರಿಂದ ಎತ್ತಬಹುದು, ಹೊರಬಹುದು, ಮಗುಚಬಹುದು. ಮೇಲೆ ಯಾರು ಕೆಳಗೆ ಯಾರು ಅನ್ನುವುದೇ ಇಲ್ಲಿ ಎಲ್ಲ.

ನಿಲುವನ್ನು ನೋಡಿ. ವಜ್ರಮುಷ್ಟಿಯವನಿಗೆ ತಲೆಯೇ ಗುರಿ, ಹಾಗಾಗಿ ತಲೆ ಹಿಂದೆ, ಎಡಗೈ ಮುಂದೆ, ಬಲಗೈ ಮೇಲೆ. ಕುಸ್ತಿಯವನು ಹಣೆಗೆ ಹಣೆ ಕೊಟ್ಟು ಕತ್ತಿನ ಮೇಲೆ ಕೈ ಹಾಕಿ ತೂಗುತ್ತಾನೆ. ಒಬ್ಬನಿಗೆ ಸಾವಿನ ಜಾಗ ಇನ್ನೊಬ್ಬನಿಗೆ ಕೆಲಸದ ಜಾಗ.

ಇವೆರಡೂ ಒಂದಾದದ್ದು ಅರಮನೆಯಲ್ಲಲ್ಲ, ಕೇರಿಯ ಗರಡಿಗಳಲ್ಲಿ. ಮೈಸೂರಿನ ಭೂತಪ್ಪನ ಗರಡಿ, ಹತ್ತು ಜನರ ಗರಡಿಯಂಥವು, ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿ, ಗಂಜಾಂ ಕಡೆಯ ಗರಡಿಗಳು. ಹನುಮಂತನ ಪಟದ ಕೆಳಗೆ ಮುಸ್ಲಿಂ ವಸ್ತಾದರು (ಗರಡಿಯ ಗುರುಗಳು) ಪಟ್ಟು ಹೇಳಿಕೊಟ್ಟ, ಅವರ ಪಾದ ಮುಟ್ಟಿ ಹಿಂದೂ ಹುಡುಗರು ಮಟ್ಟಿಗೆ ಇಳಿದ ಜಾಗ ಅದು. ಜಟ್ಟಿಗಳ ಮುಷ್ಟಿ ಅಲ್ಲಿಗೆ ಬರಲಿಲ್ಲ, ಬರಲೂಬಾರದಿತ್ತು. ಬಂದದ್ದು ಅವರ ಶಿಸ್ತು: ದೇವರ ಕಾರ್ಯದಂತೆ ಸಾಮು ಮಾಡುವುದು, ಮಣ್ಣಿಗೆ ಪೂಜೆ, ಜೋಡಿ ಕಟ್ಟುವ ಕ್ರಮ.

ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಈ ಕುಸ್ತಿಯ ಗುಟ್ಟು ಅರ್ಧ ಅಲ್ಲೇ ಇದೆ. ಹಳೆಯ ಗರಡಿಯೆಂದರೆ ಬಗ್ಗಿಯೇ ಒಳಹೋಗಬೇಕಾದ ಗಿಡ್ಡ ಬಾಗಿಲು, ಕಿಟಕಿ ಇಲ್ಲ ಅನ್ನುವಷ್ಟು ಕಮ್ಮಿ, ಒಳಗೆ 15ರಿಂದ 20 ಅಡಿಯ ಮಟ್ಟಿ. ಬಾಗಿಲು ಗಿಡ್ಡವಾಗಿರುವುದು ವಿನಯ ಕಲಿಸಲು ಅನ್ನುತ್ತಾರೆ. ಇರಬಹುದು. ಬಿಸಿಲು ಗಾಳಿ ಕಮ್ಮಿ ಆಡಿದರೆ ಮಣ್ಣಿನ ತೇವ ಆರುವುದಿಲ್ಲ ಅನ್ನುವುದು ಅದಕ್ಕಿಂತ ಗಟ್ಟಿ ಕಾರಣ.

ಮಟ್ಟಿಗೆ ಬೇಕಾದ್ದು ಕೆಮ್ಮಣ್ಣು. ಮೈಸೂರು, ಮಂಡ್ಯದ ಸುತ್ತ ಅದಕ್ಕೆ ಬರವಿಲ್ಲ. ಎರೆಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಕೆರೆ ಹೂಳೂ ಬೇಡ, ಗಟ್ಟಿಯಾಗಿ ಕೂರುತ್ತದೆ. ಕಲ್ಲು, ಬೇರು ಒಂದೂ ಉಳಿಯದಂತೆ ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿಯಬೇಕು. ಒಂದು ಹರಳು ಉಳಿದರೂ ಯಾರದೋ ಬೆನ್ನು ಅದನ್ನು ಹುಡುಕಿಕೊಳ್ಳುತ್ತದೆ. ಕೆಲವರು ನುಣುಪಿಗೆ ಹುತ್ತದ ಮಣ್ಣು ಬೆರೆಸುತ್ತಾರೆ. ಸುಮಾರು ಒಂದು ಅಡಿ ಆಳ ಸಡಿಲವಾಗಿರಬೇಕು. ಇದಕ್ಕೆ ಎಳ್ಳೆಣ್ಣೆ, ಒಂದಿಷ್ಟು ತುಪ್ಪ, ಮಜ್ಜಿಗೆ, ಅರಿಶಿನ, ನಿಂಬೆರಸ, ಒಣಗಿಸಿ ಪುಡಿ ಮಾಡಿದ ಬೇವಿನ ಎಲೆ. ಎಣ್ಣೆ ದೂಳನ್ನು ಹಿಡಿದಿಡಲು, ಅರಿಶಿನ ಬೇವು ಚರ್ಮಕ್ಕೆ. ಹತ್ತಾರು ಜನ ಬರಿಮೈಯಲ್ಲಿ ಹೊರಳುವ ಮಣ್ಣಿನಲ್ಲಿ ಹುಳುಕಡ್ಡಿ ಒಬ್ಬನಿಗೆ ಬಂದರೆ ವಾರದೊಳಗೆ ಇಡೀ ಗರಡಿಗೆ ಬರುತ್ತದೆ. ಹುಳುಕಡ್ಡಿ ಇರುವವನನ್ನು ಮಟ್ಟಿಗೆ ಬಿಡದಿರುವುದೇ ಸರಿಯಾದ ಔಷಧ. ಅರಿಶಿನ ಹಾಕಿದ್ದೇವಲ್ಲ ಎಂದು ಸುಮ್ಮನಾಗುವ ವಸ್ತಾದ್ ಹುಡುಗರನ್ನು ಕೆಡಿಸುತ್ತಾನೆ.

ತೇವದ ಪರೀಕ್ಷೆ ಸುಲಭ. ಒಂದು ಹಿಡಿ ಮಣ್ಣನ್ನು ಅದುಮಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಉಂಡೆಯೇ ಆಗದಿದ್ದರೆ ದೂಳು ಎದ್ದು ಕಣ್ಣು, ಶ್ವಾಸ ಎರಡಕ್ಕೂ ತೊಂದರೆ, ಮೊಣಕೈ ಮೊಣಕಾಲು ತರಚುತ್ತದೆ. ಒತ್ತಿದಾಗ ಪುಡಿಯಾಗದೆ ಬೆರಳಿನ ಗುರುತು ಮೂಡಿದರೆ ನೀರು ಜಾಸ್ತಿ. ಊರಿದ ಪಾದ ಕಚ್ಚಿಕೊಂಡು ಮೈ ಮಾತ್ರ ತಿರುಗುತ್ತದೆ, ಮಂಡಿ ಹೋಗುವುದು ಇಂಥ ದಿನವೇ. ಎಣ್ಣೆ ಅತಿಯಾದರೆ ಹೆಂಟೆ ಕಟ್ಟಿ ಮುಗ್ಗಲು ವಾಸನೆ. ದಿನವೂ ಸನಿಕೆಯಿಂದ ಬುಡ ಮೇಲು ಮಾಡಿ ಹಲಗೆ ಎಳೆಯದಿದ್ದರೆ ಮೇಲೆ ನಾಲ್ಕು ಬೆರಳು ಮೆತ್ತಗೆ, ಕೆಳಗೆ ಸಿಮೆಂಟು. ನೋಡಲು ಚೆಂದ, ಬಿದ್ದವನ ಭುಜದ ಕೀಲಿಗೆ ಗೊತ್ತು. ಹೊಸ ಹುಡುಗನಿಗೆ ಮೊದಲ ತಿಂಗಳು ಪಟ್ಟು ಹೇಳಿಕೊಡದೆ ಮಣ್ಣು ಕೆದಕಿಸುವುದು ಜೀತಕ್ಕಲ್ಲ. ಸೊಂಟ, ತೋಳು, ಹಿಡಿತ ಮೂರೂ ಆ ಸನಿಕೆಯಲ್ಲೇ ಬರುತ್ತವೆ.

ಸಾಮು ಅಂದರೆ ದಂಡ, ಬಸ್ಕಿ, ಸಪೋಟು, ಗದೆ ತಿರುಗಿಸುವುದು, ಕಲ್ಲು ಎತ್ತುವುದು. ದಂಡದ ಚಲನೆ, ಅಂದರೆ ಸೊಂಟ ಮೇಲೆತ್ತಿ, ಎದೆಯನ್ನು ನೆಲ ಸವರಿಸಿಕೊಂಡು ಮುಂದೆ ತಂದು, ತಲೆ ಎತ್ತಿ ಮತ್ತೆ ಹಿಂದಕ್ಕೆ ಹೋಗುವುದು, ಸೂರ್ಯ ನಮಸ್ಕಾರ ಮಾಡುವವರಿಗೆ ಪರಿಚಿತ ಅನ್ನಿಸೀತು. ಜಗನ್ಮೋಹನ ಅರಮನೆಯಲ್ಲಿ 1933ರಿಂದ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. ಅದೇ ಊರು, ಅದೇ ಅರಮನೆಯ ಆಶ್ರಯ. ಪಾಶ್ಚಾತ್ಯರು ‘ಮೈಸೂರು ಯೋಗ’ ಎಂದು ಕಲಿಯುವುದರಲ್ಲಿ ಗರಡಿಯ ಬೆವರು ಎಷ್ಟಿದೆ ಅನ್ನುವುದು ಬೇರೆಯೇ ಬರಹವಾಗುತ್ತದೆ.

ಇನ್ನು ಜೋಡಿ ಕಟ್ಟುವುದು. ಮಾನಸೋಲ್ಲಾಸದ ವರ್ಗೀಕರಣ, ಸ್ಕರಿ ಕಂಡ ‘ಗರಡಿಗೆ ಗರಡಿ’ ಎರಡೂ ಇವತ್ತಿನ ನಾಡಕುಸ್ತಿಯಲ್ಲಿ ಹಾಗೇ ಇವೆ. ಪಂದ್ಯಕ್ಕೆ ಕೆಲವು ದಿನ ಮೊದಲು ಪೈಲ್ವಾನರು ಲಂಗೋಟಿಯಲ್ಲಿ ಸಾಲಾಗಿ ನಿಲ್ಲುತ್ತಾರೆ. ವಸ್ತಾದರು ಎತ್ತರ, ಕತ್ತಿನ ದಪ್ಪ, ತೊಡೆ, ವಯಸ್ಸು ನೋಡುತ್ತಾರೆ. ಹಿಂದೆ ಯಾರ ಜೊತೆ ಹಿಡಿದಿದ್ದ, ಎಷ್ಟು ಹೊತ್ತು ಹಿಡಿದಿದ್ದ ಎಂದು ವಿಚಾರಿಸುತ್ತಾರೆ. ಇಬ್ಬರನ್ನೂ ಬೆನ್ನಿಗೆ ಬೆನ್ನು ನಿಲ್ಲಿಸಿ ಒಪ್ಪಿಗೆ ಕೇಳಿ, ಕೈ ಕೈ ಹಿಡಿಸಿ, ಹೆಸರು ಬರೆದುಕೊಂಡರೆ ಜೋಡಿ ಆಯಿತು. ತಕ್ಕಡಿಯ ತೂಕವೊಂದನ್ನೇ ನೋಡಿ ಕಟ್ಟಿದ ಜೋಡಿ ಎಷ್ಟೋ ಸಲ ಕೆಡುತ್ತದೆ. ಎರಡು ವರ್ಷ ಸಾಮು ಮಾಡಿದ 70 ಕಿಲೋದ ಹುಡುಗನೂ ಹತ್ತು ವರ್ಷ ಪಳಗಿದ 70 ಕಿಲೋದ ಪೈಲ್ವಾನನೂ ತೂಕದಲ್ಲಿ ಸಮ, ಮಟ್ಟಿಯಲ್ಲಿ ಅಲ್ಲ. ಹಾಗೆಂದು ಕಣ್ಣಳತೆಯನ್ನೇ ನಂಬಿದರೆ ತಮ್ಮ ಗರಡಿಯ ಹುಡುಗನಿಗೆ ಹಗುರ ಜೋಡಿ ಹುಡುಕುವ ವಸ್ತಾದರಿಗೆ ಹಬ್ಬ. ಮಂಡ್ಯದ ಹಳ್ಳಿ ಜಾತ್ರೆಗಳಲ್ಲಿ ಗಲಾಟೆ ಶುರುವಾಗುವುದು ಬಹುತೇಕ ಇಲ್ಲಿಂದ, ಕುಸ್ತಿಯಿಂದಲ್ಲ.

ಒಂದು ಪಟ್ಟನ್ನು ಹತ್ತಿರದಿಂದ ನೋಡೋಣ, ಕಲಾಜಂಗ್. ಎದುರಾಳಿ ಕತ್ತಿನ ಮೇಲೆ ಬಲಗೈ ಹಾಕಿ ಭಾರ ಬಿಟ್ಟಿದ್ದಾನೆ. ಆ ತೋಳನ್ನು ಮೊಣಕೈಗಿಂತ ಮೇಲೆ ನಿಮ್ಮ ಎಡಗೈಯಿಂದ ಬಿಗಿಹಿಡಿದು ಎದೆಗೆ ಎಳೆದುಕೊಳ್ಳಬೇಕು. ಅದೇ ಉಸಿರಿನಲ್ಲಿ ಮಂಡಿಯೂರಿ ಅವನ ಕಂಕುಳ ಕೆಳಗೆ ತಲೆ ತೂರಿಸಬೇಕು, ಬಲಗೈ ತೊಡೆಗಳ ನಡುವೆ ಹೋಗಿ ಹತ್ತಿರದ ತೊಡೆಯನ್ನು ಅಪ್ಪಬೇಕು. ಈಗ ಅವನು ನಿಮ್ಮ ಎರಡೂ ಹೆಗಲ ಮೇಲೆ ಅಡ್ಡಲಾಗಿ ಇರುತ್ತಾನೆ. ಎಡಗೈ ಕೆಳಗೆಳೆದು ಬಲಗೈ ಮೇಲೆತ್ತಿದರೆ ನೇರ ಬೆನ್ನ ಮೇಲೆ ಬೀಳುತ್ತಾನೆ. ಕೆಡುವುದು ಮೂರೇ ಕಡೆ. ತೋಳು ಸಡಿಲ ಬಿಟ್ಟರೆ ಅವನು ಅದನ್ನು ಕಿತ್ತುಕೊಂಡು ನಿಮ್ಮ ಕತ್ತನ್ನೇ ಕಂಕುಳಲ್ಲಿ ಸಿಕ್ಕಿಸುತ್ತಾನೆ. ತಲೆ ತಗ್ಗಿಸಿ ನೆಲ ನೋಡಿದರೆ ಬೆನ್ನು ಬಾಗಿ ಅವನ ಭಾರಕ್ಕೆ ನೀವೇ ಕುಸಿಯುತ್ತೀರಿ. ಕಣ್ಣು ಎದುರಿಗೇ ಇರಬೇಕು. ದೂರದಿಂದ ಹಾರಿ ಬಿದ್ದು ಮಂಡಿಯೂರಿದರೆ ಅವನು ಕಾಲು ಹಿಂದಕ್ಕೆ ಚಾಚಿ ಮೇಲೆ ಮಲಗಿಬಿಡುತ್ತಾನೆ. ಎಣ್ಣೆ ಮೈಯ ಮೇಲೆ ಈ ಪಟ್ಟಿಗೆ ಅರ್ಥವೇ ಇಲ್ಲ, ಮೊದಲ ಹಿಡಿತವೇ ಜಾರುತ್ತದೆ. ಆದರೆ ಆ ಮೊದಲ ಹಿಡಿತ, ಅಂದರೆ ತೋಳನ್ನು ಕೀಲಿನ ಮೇಲ್ಭಾಗದಲ್ಲಿ ಎದೆಗೆ ಅಂಟಿಸಿಕೊಳ್ಳುವುದು, ಜಟ್ಟಿಯ ಕೈಗೆ ಸಿಕ್ಕಿದ್ದರೆ ಎತ್ತಲು ಹೋಗುತ್ತಲೇ ಇರಲಿಲ್ಲ, ಅಲ್ಲೇ ತಿರುಚಿ ಮುಗಿಸುತ್ತಿದ್ದ. ಮೈಸೂರು ಕಡೆಯ ಹಳೆಯ ವಸ್ತಾದರು ಎತ್ತುವುದಕ್ಕಿಂತ ತೋಳು ಕಟ್ಟುವುದರ ಮೇಲೆ ಹೆಚ್ಚು ಜೋರು ಕೊಡುವುದರಲ್ಲಿ ಆ ಜಟ್ಟಿಗಳ ರಕ್ತ ಇದೆ ಎಂದೇ ನನ್ನ ಅನಿಸಿಕೆ.

ಸಂಸ್ಥಾನ ಹೋಗಿ, 1971ರಲ್ಲಿ ರಾಜಧನವೂ ನಿಂತ ಮೇಲೆ ಎರಡು ಹಾದಿ ಪೂರ್ತಿ ಬೇರೆಯಾದವು. ಕಾಳಗ ರಾಜಮನೆತನದ ಖಾಸಗಿ ಆಚರಣೆಯಾಗಿ ತೊಟ್ಟಿಯಲ್ಲಿ ಉಳಿಯಿತು, ಕುಸ್ತಿ ಸರ್ಕಾರಿ ದಸರೆಯ ಪಾಲಾಯಿತು. ಈಗ ಅದರೊಳಗೇ ಇನ್ನೊಂದು ಬೆರಕೆ ನಡೆಯುತ್ತಿದೆ: ನಾಡಕುಸ್ತಿಯ ಮಣ್ಣಿನ ಪಕ್ಕದಲ್ಲೇ ಪಾಯಿಂಟ್ ಕುಸ್ತಿಯ ಮ್ಯಾಟು. ‘ದಸರಾ ಕಿಶೋರಿ’ ಪ್ರಶಸ್ತಿಗೆ ಹೆಣ್ಣುಮಕ್ಕಳು ಹಿಡಿಯುವುದು ಈ ಮ್ಯಾಟಿನ ಕಾಲದ ಫಲ, ಮಣ್ಣಿನ ಗರಡಿಗಳಿಗೆ ಅದನ್ನು ತಾವಾಗಿ ಮಾಡಲು ಆಗಿರಲಿಲ್ಲ ಎಂಬುದನ್ನು ಒಪ್ಪಬೇಕು.

ಮ್ಯಾಟಿಗೆ ಹೋದ ಮಟ್ಟಿ ಪೈಲ್ವಾನ ಸೋಲುವುದು ಬಲ ಸಾಲದೆ ಅಲ್ಲ. 9 ಮೀಟರ್ ವ್ಯಾಸದ ವೃತ್ತ, 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು, 10 ಅಂಕದ ಅಂತರ ಬಂದರೆ ಅಲ್ಲಿಗೇ ಮುಕ್ತಾಯ. ಮಣ್ಣಿನಲ್ಲಿ ಅರ್ಧ ಗಂಟೆ ಒತ್ತಿ ಹಿಡಿದು ಎದುರಾಳಿಯ ಉಸಿರು ಕಟ್ಟಿಸಿ ಗೆಲ್ಲುವವನಿಗೆ ಆ ಹೊತ್ತೇ ಇಲ್ಲ. ಹೊಟ್ಟೆ ಅಡಿಯಾಗಿ ನೆಲ ಕಚ್ಚಿ ಕಾಯುವುದು ಮಟ್ಟಿಯಲ್ಲಿ ಬುದ್ಧಿವಂತಿಕೆ. ಮ್ಯಾಟಿನಲ್ಲಿ ಹಾಗೆ ಬೀಳುವಾಗಲೇ ಎದುರಾಳಿಗೆ 2 ಅಂಕ ಹೋಗಿರುತ್ತದೆ, ನಿಂತು ಸುಮ್ಮನೆ ತೂಗಾಡಿದರೂ ರೆಫರಿ ಎಚ್ಚರಿಸುತ್ತಾನೆ. ಕಲಾಜಂಗ್ ಮಾತ್ರ ಎರಡೂ ಕಡೆ ಸಲ್ಲುತ್ತದೆ, ನಿಂತಲ್ಲಿಂದ ನೇರ ಬೆನ್ನಿಗೆ ಹಾಕಿದರೆ 4 ಅಂಕ. ಮಣ್ಣಿನಲ್ಲಿ ಬರಿಗಾಲು ಮುಳುಗಿ ಹಿಡಿತ ಸಿಗುತ್ತಿತ್ತು, ಮ್ಯಾಟಿನಲ್ಲಿ ಶೂ ಹಾಕಿದ ಕಾಲು ಬೇಗ ತಿರುಗುತ್ತದೆ. ಮಟ್ಟಿಯಲ್ಲೇ ಬೆಳೆದವನ ಕಾಲು ಅರ್ಧ ಕ್ಷಣ ತಡ. ಆ ಅರ್ಧ ಕ್ಷಣ ತಿದ್ದಲು ಈಗ ಕೆಲವು ಗರಡಿಗಳವರು ಬೆಳಿಗ್ಗೆ ಮಣ್ಣಿನಲ್ಲಿ ಸಾಮು ಮತ್ತು ಜೋರು (ಅಭ್ಯಾಸದ ಕುಸ್ತಿ), ಸಂಜೆ ಮ್ಯಾಟಿನಲ್ಲಿ ಕಾಲಿನ ಕೆಲಸ ಎಂದು ಹಂಚಿಕೊಳ್ಳುತ್ತಿದ್ದಾರೆ. ಬೆಳಿಗ್ಗೆಯದನ್ನು ಬಿಟ್ಟವರ ಕತ್ತು ಬೇಗ ಸೋಲುತ್ತದೆ, ಸಂಜೆಯದನ್ನು ಬಿಟ್ಟವರು ಮೊದಲ ನಿಮಿಷದಲ್ಲೇ ನಾಲ್ಕಾರು ಅಂಕ ಬಿಟ್ಟುಕೊಡುತ್ತಾರೆ.